ನಲವತ್ತು ಹೆಜ್ಜೆ ಮರಳು

ಬೇಸಿಗೆ ಮುಗಿಯುತ್ತ ಬಂದಿತ್ತು. ಮಳೆಯ ಸುಳಿವಿರಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಮರಳು ಕಾಲು ಸುಡುತ್ತಿತ್ತು. ಶಾಲೆಯ ಹಿಂದೆ ಗಂಟೆ ಮಾಮ ಸಲಿಕೆ ಹಿಡಿದು ಅಗೆಯುತ್ತಿದ್ದರು. ಒಂದು ಸಲಿಕೆ ಮರಳು ಎತ್ತಿ ಆಚೆ ಹಾಕಿದರೆ ಅರ್ಧ ಸಲಿಕೆ ಮರಳು ಜಾರಿ ಮತ್ತೆ ಒಳಗೇ ಬೀಳುತ್ತಿತ್ತು.

“ನೋಡಿದ್ಯಾ ಇದರ ಹಟ! ನಾನು ಹೊರಗೆ ಕಳಿಸ್ತೀನಿ, ಇದು ಒಳಗೇ ಬರ್ತೀನಿ ಅನ್ನತ್ತೆ. ಥೇಟ್ ಒಂದನೇ ಕ್ಲಾಸಿನ ಮಕ್ಕಳ ಥರ,” ಎಂದರು ಗಂಟೆ ಮಾಮ.

ಅವರ ಮಗಳು ಚಿಪ್ಪು ನಕ್ಕಳು. ಅವಳು ಕೈಯಲ್ಲಿ ಪೊರಕೆ ಹಿಡಿದು ಚರಂಡಿಯಂಥ ಆ ಗುಂಡಿಯಲ್ಲಿ ಕೂತಿದ್ದಳು. ಅಪ್ಪ ಅಗೆದಂತೆಲ್ಲ ಒಳಗಿನ ನೀರಿನ ಪೈಪಿನ ಮೇಲಿನ ಮರಳನ್ನು ಗುಡಿಸಿ, ಬಗ್ಗಿ ನೋಡುತ್ತಿದ್ದಳು.

ತನ್ನ ಮನೆಯ ಹಿಂದಿನ ಮೆಟ್ಟಿಲಲ್ಲಿ ನಿಂತಿದ್ದ ಸಾಸಿವೆ ನಗಲಿಲ್ಲ.

“ಬಾರೇ, ನೀನೂ ಹುಡುಕು,” ಎಂದು ಚಿಪ್ಪು ಕರೆದಳು. “ಎಲ್ಲಿ ಮರಳು ಒದ್ದೆ ಇದ್ಯೋ ಅಲ್ಲೇ ಪೈಪ್ ಸೀಳಿದೆ ಅಂತ. ಅಪ್ಪ ಹೇಳಿದ್ರು. ಫಸ್ಟ್ ಕಂಡುಹಿಡಿದವರು ವಿನ್ನರ್!”

ಸಾಸಿವೆ ಮೆಟ್ಟಿಲಿಳಿದಳು. ಗುಂಡಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು. ಪೈಪು ಒಣಗಿತ್ತು. ಮರಳು ಒಣಗಿತ್ತು. ಮುಂದೆ ಅಗೆದರೂ ಒಣಗಿಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪೈಪು ಎಲ್ಲೂ ಸೀಳಿರಲಿಲ್ಲ.

ಅದು ಅವಳಿಗೆ ಗುರುವಾರ ಸಂಜೆಯಿಂದಲೇ ಗೊತ್ತಿತ್ತು.

*

ಸಾಸಿವೆ ಮನೆಯವರು ಈ ದ್ವೀಪಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಮ್ಮನಿಗೆ ಇಲ್ಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಒಂಬತ್ತು ವರ್ಷ ಅಲ್ಲಿ ಆರು ತಿಂಗಳು, ಇಲ್ಲಿ ಮೂರು ತಿಂಗಳು ಎಂದು ಓಡಾಡಿದ ಮೇಲೆ ಸಿಕ್ಕ ಮೊದಲ ಕಾಯಂ ಕೆಲಸ. ಅಪ್ಪ ಟೈಲರ್. “ಬಟ್ಟೆ ಹಾಕ್ಕೊಳ್ಳೋ ಜನ ಎಲ್ಲಾ ಕಡೆ ಇರ್ತಾರೆ, ನಡಿ,” ಎಂದು ಅಂಗಡಿ ಮುಚ್ಚಿ ಹೊರಟೇಬಿಟ್ಟಿದ್ದ.

ಅವಳಿಗೆ ರಿಜಿಸ್ಟರಿನಲ್ಲಿ ಬೇರೆ ಹೆಸರಿತ್ತು. ಏನಾದರೂ ತಾಗಿದರೆ ಸಾಕು, ಚಟಪಟ ಸಿಡಿಯುತ್ತಾಳೆಂದು ಮನೆಯಲ್ಲಿ ಎಲ್ಲರೂ ಸಾಸಿವೆ ಎನ್ನುತ್ತಿದ್ದರು. ಇಲ್ಲಿ ಬಂದ ಎರಡೇ ದಿನಕ್ಕೆ ಚಿಪ್ಪುವೂ ಅದನ್ನೇ ಹಿಡಿದುಕೊಂಡಳು. ಚಿಪ್ಪುವಿನ ಹೆಸರೂ ಚಿಪ್ಪು ಅಲ್ಲ. ಅವಳ ಜೇಬಿನಲ್ಲಿ ಯಾವಾಗಲೂ ಕಡಲ ಚಿಪ್ಪು ಗಲಗಲ ಎನ್ನುತ್ತಿದ್ದುದರಿಂದ ಹಾಗೆ.

ಶಾಲೆಯ ಹಿಂದೆ ಸಾಲಾಗಿ ಮೂರು ಕ್ವಾರ್ಟರ್ಸ್. ಒಂದರಲ್ಲಿ ಗಂಟೆ ಮಾಮನ ಮನೆ, ಒಂದರಲ್ಲಿ ಇವರದು, ನಡುವಿನದು ಖಾಲಿ. ಗಂಟೆ ಮಾಮ ಗಂಟೆ ಹೊಡೆಯುವುದಷ್ಟೇ ಅಲ್ಲ, ಟ್ಯಾಂಕನ್ನೂ ನೋಡಿಕೊಳ್ಳುತ್ತಿದ್ದರು.

ದ್ವೀಪದಲ್ಲಿ ಹೊಳೆ ಇಲ್ಲ. ಬಾವಿ ತೋಡಿದರೆ ಉಪ್ಪುನೀರು. ಸ್ನಾನ ಮಾಡಿದರೆ ಸೋಪು ನೊರೆಯನ್ನೇ ಕೊಡುತ್ತಿರಲಿಲ್ಲ. ಕುಡಿಯುವುದಕ್ಕೆ, ಅಡುಗೆಗೆ ಮಳೆಯ ನೀರೇ ಆಗಬೇಕು. ಶಾಲೆಯ ತಗಡಿನ ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ದೊಡ್ಡ ಸಿಮೆಂಟಿನ ಟ್ಯಾಂಕಿಗೆ ಇಳಿಯುತ್ತಿತ್ತು. ಅಲ್ಲಿಂದ ಶಾಲೆಗೆ ಒಂದು ಪೈಪು, ಕ್ವಾರ್ಟರ್ಸಿಗೆ ಒಂದು ಪೈಪು. ಮುಂದಿನ ಮಳೆಗಾಲದವರೆಗೆ ಅಷ್ಟೇ.

ದಿನಾ ಬೆಳಿಗ್ಗೆ ಗಂಟೆ ಮಾಮ ಏಣಿ ಹತ್ತಿ, ಮುಚ್ಚಳದ ಬೀಗ ತೆಗೆದು, ಉದ್ದನೆಯ ಕೋಲು ಇಳಿಬಿಡುತ್ತಿದ್ದರು. ಕೋಲು ಎಷ್ಟು ನೆನೆದಿದೆ ಎಂದು ಕೈಯಲ್ಲಿ ಅಳೆದು, ಮೇಲಿನಿಂದಲೇ ಕೂಗುತ್ತಿದ್ದರು.

“ಒಂದು ಮೊಳ, ಮೂರು ಬೆರಳು! ಮಳೆ ಬರೋ ತನಕ ಸಾಕು. ಯಾರೂ ಶೋಕಿ ಮಾಡಬೇಡಿ!”

ಸಾಸಿವೆಯ ಹಳೆಯ ಊರಿನಲ್ಲಿಯೂ ನೀರಿನ ಕಷ್ಟವಿತ್ತು. ಅದು ಬೇರೆ ಥರದ ಕಷ್ಟ. ಅಲ್ಲಿ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ಯಾವ ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ಬೀದಿಯವರೆಲ್ಲ ಒಂದು ಉಪಾಯ ಮಾಡಿದ್ದರು. ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಅದರ ಕೆಳಗೆ ಖಾಲಿ ಕೊಡ ಇಟ್ಟು, ತಮ್ಮ ಕೆಲಸ ನೋಡಿಕೊಳ್ಳುವುದು. ನೀರು ಬಂದರೆ ಕೊಡ ದಬದಬ ಎಂದು ಕೂಗಿ ಕರೆಯುತ್ತಿತ್ತು. ಆ ಸದ್ದಿಗೆ ಮನೆಮಂದಿಯೆಲ್ಲ ಬಕೆಟ್ಟು, ಪಾತ್ರೆ, ಕೊನೆಗೆ ಚೊಂಬನ್ನೂ ಎತ್ತಿಕೊಂಡು ಓಡುತ್ತಿದ್ದರು. ಸಾಸಿವೆ ನಡೆಯಲು ಕಲಿತಾಗಿನಿಂದ ನೋಡಿದ್ದು ಅದನ್ನೇ.

ಗುರುವಾರ ಬೆಳಿಗ್ಗೆ ಗಂಟೆ ಮಾಮ ವಾಲ್ವಿನ ವಾಶರ್ ಬದಲಾಯಿಸಲು ಕ್ವಾರ್ಟರ್ಸಿನ ನೀರು ನಿಲ್ಲಿಸಿದ್ದರು. ಅಮ್ಮ ಆಗಲೇ ಶಾಲೆಗೆ ಹೋಗಿದ್ದಳು. ಲಾಂಚಿನಲ್ಲಿ ಬರುವ ಹೊಲಿಗೆ ಮಿಷನ್ ಇಳಿಸಿಕೊಳ್ಳಲು ಅಪ್ಪ ಜೆಟ್ಟಿಗೆ ಹೋಗಿದ್ದ. ಸಾಸಿವೆ ಬಾಟಲಿ ತುಂಬಿಸಲು ಹಿತ್ತಿಲ ನಲ್ಲಿ ತಿರುಗಿಸಿದಳು. ನೀರಿಲ್ಲ.

ಅವಳು ಏನೂ ಯೋಚಿಸಲಿಲ್ಲ. ಕೈ ತಾನಾಗಿಯೇ ನಲ್ಲಿಯನ್ನು ಪೂರ್ತಿ ತಿರುಗಿಸಿತು. ಕೆಳಗೆ ಖಾಲಿ ಕೊಡ ಇಟ್ಟಿತು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಅವಳು ಬ್ಯಾಗ್ ಎತ್ತಿಕೊಂಡು ಓಡಿದಳು.

ಸಂಜೆ ಎಲ್ಲರಿಗಿಂತ ಮೊದಲು ಮನೆಗೆ ಬಂದದ್ದೂ ಅವಳೇ. ಕೊಡ ಕಂಠದವರೆಗೆ ತುಂಬಿ ನಿಂತಿತ್ತು. ನಲ್ಲಿಯಿಂದ ದಾರದಷ್ಟು ಸಣ್ಣಗೆ ನೀರು ಇಳಿಯುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಆ ದಾರವೂ ತುಂಡಾಯಿತು.

ಸಾಸಿವೆ ನಲ್ಲಿ ಮುಚ್ಚಿದಳು. ಗೋಡೆಯ ತೂತಿನಿಂದ ನೀರು ಹೊರಗೆ ಹೋಗುವ ಕಡೆಗೆ ಓಡಿದಳು. ಮಾಮ ವಾಲ್ವು ತಿರುಗಿ ತೆರೆದಾಗಿನಿಂದ ಸಂಜೆಯವರೆಗೆ ಹರಿದ ನೀರನ್ನೆಲ್ಲ ಮರಳು ಸದ್ದಿಲ್ಲದೆ ಕುಡಿದಿತ್ತು. ಒಂದು ಚಾಪೆ ಹಾಸುವಷ್ಟು ಜಾಗ ಮಾತ್ರ ಕಪ್ಪಗೆ ಒದ್ದೆಯಾಗಿತ್ತು.

ಸಾಸಿವೆ ಆಚೀಚೆ ನೋಡಿದಳು. ಯಾರೂ ಇರಲಿಲ್ಲ. ಕಾಲಿನಿಂದ ಒಣಮರಳು ಎಳೆದೆಳೆದು ಆ ಒದ್ದೆಯ ಮೇಲೆ ಹಾಕಿದಳು.

ಸ್ವಲ್ಪ ಹೊತ್ತಿಗೆ, ತಮ್ಮ ನಲ್ಲಿಯಲ್ಲೂ ನೀರು ಬಾರದ್ದು ಕಂಡು, ಗಂಟೆ ಮಾಮ ಏಣಿ ಹತ್ತಿ ಕೋಲು ಇಳಿಬಿಟ್ಟರು. ಕೋಲು ತಳಕ್ಕೆ ತಾಗಿ ಟಕ್ ಎಂದಿತು. ಮೇಲೆ ತೆಗೆದು ನೋಡಿದರೆ ಅರ್ಧ ಬೆರಳೂ ನೆನೆದಿರಲಿಲ್ಲ. ಅವರು ಬಾಗಿಲಿಗೆ ಬಂದಾಗ ಅಮ್ಮ ಆಗತಾನೆ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಳು.

“ಟೀಚರ್, ನಿಮ್ಮನೆ ನಲ್ಲಿ ಏನಾದ್ರೂ ತೆರೆದಿತ್ತಾ?”

ಅಮ್ಮ ಹಿತ್ತಿಲಿಗೆ ಹೋಗಿ ನೋಡಿ ಬಂದಳು. “ಇಲ್ವಲ್ಲ, ಮುಚ್ಚಿದೆ. ಯಾಕೆ?”

“ಟ್ಯಾಂಕ್ ಖಾಲಿ ಟೀಚರ್. ಬೇಜಾರು ಮಾಡ್ಕೋಬೇಡಿ, ಕೇಳಬೇಕಲ್ಲ ಅಂತ ಕೇಳಿದೆ. ನೀರಿನ ಕಷ್ಟ ಉಂಡವರು ನೀವು, ನಿಮಗೆ ಹೇಳೋದೇನಿದೆ?”

ಸಾಸಿವೆ ಅಮ್ಮನ ಬೆನ್ನ ಹಿಂದೆ ನಿಂತಿದ್ದಳು. ಸಿಡಿಯುವ ಸಾಸಿವೆ ಅವತ್ತು ತುಟಿ ಬಿಚ್ಚಲಿಲ್ಲ.

ಅವರು ಹೋದ ಮೇಲೆ ಅಮ್ಮ ಅಡುಗೆಗೆಂದು ಹಿತ್ತಿಲಿನ ಕೊಡ ಎತ್ತಿದಳು. ಎತ್ತಿದವಳು ಒಂದು ಗಳಿಗೆ ಹಾಗೇ ನಿಂತಳು. ತುಂಬಿದ ಕೊಡವನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ಅಷ್ಟರಲ್ಲಿ ಅಪ್ಪ, ಮಿಷನ್ ಹೊತ್ತ ಕೂಲಿಯವನ ಜೊತೆ “ಜೋಪಾನ, ಜೋಪಾನ! ಅದು ನನ್ನ ಅನ್ನದ ತಟ್ಟೆ ಕಣಪ್ಪಾ!” ಎಂದು ಗದ್ದಲ ಮಾಡುತ್ತ ಬಂದ. ಅಮ್ಮ ಏನೂ ಕೇಳಲಿಲ್ಲ.

*

ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರು ಮಕ್ಕಳನ್ನು ಕ್ಲಾಸಿಗೆ ಬಿಡಲಿಲ್ಲ.

“ನೀರಿಲ್ಲ. ಆಚೆ ದಡದಿಂದ ಲಾಂಚಿನಲ್ಲಿ ಡ್ರಮ್ ತರಿಸ್ತೀವಿ. ಅದು ಬರೋ ತನಕ ಎಲ್ಲರೂ ಮನೆಯಿಂದ ಬಾಟಲಿ ತನ್ನಿ,” ಎಂದರು. ಆಮೇಲೆ ಗಂಟೆಯ ಪಕ್ಕ ನಿಂತಿದ್ದ ಮಾಮನ ಕಡೆ ತಿರುಗಿದರು. “ಬರದೇ ಇರೋ ಕೆಲಸಕ್ಕೆ ಕೈ ಹಾಕಬಾರದು ಕಣ್ರೀ. ಒಂದು ವಾಶರ್ ಹಾಕೋಕೆ ಹೋಗಿ ಇಡೀ ಟ್ಯಾಂಕನ್ನೇ ಮರಳಿಗೆ ಸುರಿದ್ರಲ್ಲ! ಎಲ್ಲಿ ಸೋರಿದೆ ಅಂತ ಹುಡುಕಿ. ಸೋಮವಾರ ಟ್ಯಾಂಕಿನ ಬೀಗದಕೈ ತಂದು ಆಫೀಸಿನಲ್ಲಿ ಕೊಟ್ಟುಬಿಡಿ. ಬೇರೆಯವರು ನೋಡ್ಕೋತಾರೆ.”

ಅರವತ್ತು ಮಕ್ಕಳು ತಿರುಗಿ ನೋಡಿದರು. ಗಂಟೆ ಮಾಮ ತಲೆ ತಗ್ಗಿಸಿದರು.

“ನಾನೇ ಸರಿಯಾಗಿ ಬಿಗಿ ಮಾಡಲಿಲ್ಲ ಅನ್ಸತ್ತೆ ಸರ್. ಬಿಗಿಯೋವಾಗ ಪೈಪಿಗೆ ಪೆಟ್ಟಾಯ್ತೋ ಏನೋ,” ಎಂದರು.

ಇಪ್ಪತ್ತೆರಡು ವರ್ಷದಿಂದ ಆ ಬೀಗದಕೈ ಅವರ ಸೊಂಟದಲ್ಲಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಸಿವೆಯ ಮುಂದೆ ನಿಂತಿದ್ದ ಚಿಪ್ಪುವಿನ ಕಿವಿ ಕೆಂಪಾಗಿದ್ದು ಹಿಂದಿನಿಂದ ಕಾಣುತ್ತಿತ್ತು.

ಊಟದ ಹೊತ್ತಿಗೆ ಚಿಪ್ಪು ಎಂದಿನಂತೆ ಪಕ್ಕದಲ್ಲೇ ಬಂದು ಕೂತಳು. ಸಾಸಿವೆಯ ಬಾಟಲಿ ಖಾಲಿಯಾಗಿತ್ತು.

“ತಗೊಳ್ಳೇ,” ಎಂದು ಚಿಪ್ಪು ತನ್ನ ಬಾಟಲಿ ಕೊಟ್ಟಳು. “ನಮ್ಮನೇಲಿ ನೀರು ತುಂಬಿಟ್ಟ ಡ್ರಮ್ ಇದೆ. ನೀವು ಹೊಸಬರು, ನಿಮ್ಮನೇಲಿ ಎಲ್ಲಿಂದ ಬರಬೇಕು?”

“ಬೇಡ.”

“ಅಯ್ಯೋ, ಕುಡಿಯೇ. ಬಾಯಿ ಒಣಗಿ ಹಪ್ಪಳ ಆಗಿದೆ. ಕನ್ನಡಿ ನೋಡ್ಕೋ ಹೋಗು.”

ಬಾಯಾರಿಕೆ ನಿಜಕ್ಕೂ ಆಗಿತ್ತು. ಸಾಸಿವೆ ಕುಡಿದಳು.

*

ಶನಿವಾರ ಮಧ್ಯಾಹ್ನದ ಹೊತ್ತಿಗೆ ಗುಂಡಿ ಟ್ಯಾಂಕಿನಿಂದ ಸಾಸಿವೆಯ ಹಿತ್ತಿಲ ಗೋಡೆಯವರೆಗೆ ಬಂದು ಮುಟ್ಟಿತು. ಚಿಪ್ಪು ಅದರ ಉದ್ದಕ್ಕೂ ನಡೆದು ಎಣಿಸಿದಳು.

“ನಲವತ್ತು ಹೆಜ್ಜೆ, ಅಪ್ಪಾ! ಎಲ್ಲೂ ಇಲ್ಲ.”

ಗಂಟೆ ಮಾಮ ಸಲಿಕೆ ಊರಿ, ಗುಂಡಿಯ ಅಂಚಿನಲ್ಲಿ ಕೂತರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಅಂಗೈ ತೆರೆದು ನೋಡಿಕೊಂಡರು. ಎರಡೂ ಕೈಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು.

“ಹೆಡ್‌ಮಾಸ್ತರು ಹೇಳಿದ್ದೇ ಸರಿ ಇರಬೇಕು,” ಎಂದರು ಮೆಲ್ಲಗೆ. “ಕೈಗೆ ವಯಸ್ಸಾಯ್ತು. ಬಿಗಿ ಮಾಡಿದೀನಿ ಅಂತ ನಾನು ಅಂದ್ಕೋತೀನಿ, ಅದು ಆಗಿರಲ್ಲ. ಇನ್ನು ಈ ಕೈ ನಂಬೋ ಹಾಗಿಲ್ಲ.”

ಚಿಪ್ಪು ಅಪ್ಪನ ಕೈಯ ಮರಳನ್ನು ಒರೆಸಿದಳು.

ಸಾಸಿವೆ ಎದ್ದು ಒಳಗೆ ಹೋದಳು. ಅಮ್ಮ ಕಿಟಕಿಯ ಹತ್ತಿರ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದಳು. ಆ ಕಿಟಕಿಗೆ ಹೊರಗಿನ ಮಾತೆಲ್ಲ ಕೇಳುತ್ತಿತ್ತು.

“ಅಮ್ಮ, ಗುರುವಾರ ನಲ್ಲಿ ತೆರೆದಿಟ್ಟು ಹೋಗಿದ್ದು ನಾನು.”

ಕೆಂಪು ಪೆನ್ನು ನಿಂತಿತು. ಅಮ್ಮ ತಲೆ ಎತ್ತಲಿಲ್ಲ.

“ಗೊತ್ತು,” ಎಂದಳು.

“ಗೊತ್ತಾ?”

“ಕೊಡ ಎತ್ತಿದಾಗಲೇ ಗೊತ್ತಾಯ್ತು. ಬೆಳಿಗ್ಗೆ ಅದನ್ನ ಖಾಲಿ ಮಾಡಿ ಬೋರಲು ಹಾಕಿದ್ದೇ ನಾನು.”

“ಮತ್ತೆ ಯಾಕಮ್ಮ ನೀನು ಹೇಳ್ಲಿಲ್ಲ? ನನ್ನ ಬೈಯಲೂ ಇಲ್ಲ!”

ಅಮ್ಮ ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಕ್ಲಾಸಿನಲ್ಲಿ ಅಷ್ಟು ಖಡಕ್ಕಾಗಿ ನಿಲ್ಲುವ ಅಮ್ಮ ಈಗ, ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕಂಡಳು.

“ಬಂದು ತಿಂಗಳಾಗಿಲ್ಲ. ಊರಿಗೆ ಊರೇ ನಮ್ಮನ್ನ ನೋಡ್ತಾ ಇದೆ. ಶುಕ್ರವಾರ ಹೇಳೋಣ ಅಂದ್ಕೊಂಡೆ. ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರು ಅವರಿಗೆ ಅಷ್ಟು ಬೈದ ಮೇಲೆ ಇನ್ನೂ ಕಷ್ಟ ಆಯ್ತು. ನಂಗೆ ನಾಚಿಕೆ ಆಯ್ತು ಕಣೇ. ನಿನಗಾದ ಹಾಗೇ.”

ಹೊರಗೆ ಸಲಿಕೆ ಮತ್ತೆ ಮರಳಿಗೆ ತಾಗಿದ ಸದ್ದು ಕೇಳಿತು. ಗಂಟೆ ಮಾಮ ಇನ್ನಷ್ಟು ಆಳಕ್ಕೆ ಅಗೆಯತೊಡಗಿದ್ದರು.

ಅಮ್ಮ ಎದ್ದಳು. “ನಡಿ,” ಎಂದಳು.

ಇಬ್ಬರೂ ಗುಂಡಿಯ ಹತ್ತಿರ ಬಂದು ನಿಂತರು. ಗಂಟೆ ಮಾಮ ಸಲಿಕೆ ನಿಲ್ಲಿಸಿ, “ಏನು ಟೀಚರ್? ಸದ್ದಿಗೆ ತೊಂದರೆ ಆಯ್ತಾ?” ಎಂದರು.

ಹೇಳಬೇಕೆಂದು ಜೋಡಿಸಿಕೊಂಡು ಬಂದ ಮಾತೆಲ್ಲ ಸಾಸಿವೆಗೆ ಚೆಲ್ಲಾಪಿಲ್ಲಿಯಾಯಿತು.

“ಪೈಪ್ ಸೀಳಿಲ್ಲ ಮಾಮ. ನಲ್ಲಿ ತೆರೆದಿಟ್ಟು ಹೋಗಿದ್ದೆ. ನಮ್ಮೂರಲ್ಲಿ ಹಾಗೇ ಇಡೋದು. ನೀರಿಲ್ದೇ ಇದ್ದಾಗ... ಬಂದ್ರೆ ಗೊತ್ತಾಗ್ಲಿ ಅಂತ. ಒದ್ದೆ ಮರಳು ಇತ್ತು ಮಾಮ. ಇಲ್ಲೇ, ಗೋಡೆ ಹತ್ರ. ನಾನೇ ಒಣ ಮರಳು ಹಾಕಿ ಮುಚ್ಚಿದೆ.”

ಕೊನೆಯ ಮಾತು ಬರುವ ಹೊತ್ತಿಗೆ ಅವಳು ಬಿಕ್ಕುತ್ತಿದ್ದಳು.

ಗಂಟೆ ಮಾಮ ತಮ್ಮ ಅಂಗೈಗಳನ್ನೇ ನೋಡುತ್ತ, “ಹಾಗಾದ್ರೆ ವಾಶರ್ ಸರಿಯಾಗೇ ಕೂತಿತ್ತು,” ಎಂದರು. ಅವರ ಮುಖ ಒಂದು ಗಳಿಗೆ ಅರಳಿತು.

ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಯಾವಾಗ ಗೊತ್ತಾಯ್ತು ನಿಂಗೆ, ಪುಟ್ಟಿ?”

“ಗುರುವಾರ ಸಂಜೆ.”

“ಟೀಚರ್, ನಿಮಗೆ?”

“ನನಗೂ ಅವತ್ತೇ,” ಎಂದಳು ಅಮ್ಮ. “ತಪ್ಪಾಯ್ತು. ಸೋಮವಾರ ಹೆಡ್‌ಮಾಸ್ತರ ಮುಂದೆ, ಎಲ್ಲರ ಮುಂದೆ ನಾನೇ ಹೇಳ್ತೀನಿ.”

ಗಂಟೆ ಮಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಾಸಿವೆಗೆ ಅನ್ನಿಸಿತು. ಅವರು ಗುಂಡಿಯಿಂದ ಮೇಲೆ ಬಂದರು, ಸಲಿಕೆಯನ್ನು ಮರಳಿನಲ್ಲಿ ನೆಟ್ಟರು.

“ಎರಡು ದಿನ ಟೀಚರ್. ಎರಡು ದಿನದಿಂದ ನಂಗೆ ಅನ್ನ ಸೇರಿಲ್ಲ,” ಎಂದಷ್ಟೇ ಹೇಳಿ ಮನೆಯ ಕಡೆ ನಡೆದರು.

ಚಿಪ್ಪು ಪೊರಕೆ ಅಲ್ಲೇ ಬಿಟ್ಟು ಅಪ್ಪನ ಹಿಂದೆ ಹೋದಳು.

*

ಗುಂಡಿ ಮುಚ್ಚುವ ಕೆಲಸ ಅವತ್ತು ಸಂಜೆಯೇ ಶುರುವಾಯಿತು. ವಿಷಯ ತಿಳಿದ ಅಪ್ಪ ಅಂಗಿಯ ತೋಳು ಮಡಚಿಕೊಂಡು ಸಲಿಕೆ ಹಿಡಿದ.

“ಹರಿದಿದ್ದನ್ನ ಹೊಲಿಯೋದು ನನ್ನ ಕಸುಬು. ಮರಳು ಹೊಲಿಯೋಕೆ ಮಾತ್ರ ಬರಲ್ಲ. ನೀನು ತುಳಿ, ನಾನು ಹಾಕ್ತೀನಿ,” ಎಂದ.

ಅಪ್ಪ ಮರಳು ಎಳೆದು ಹಾಕಿದ. ಸಾಸಿವೆ ತುಳಿದು ತುಳಿದು ಗಟ್ಟಿ ಮಾಡಿದಳು. ಹಿತ್ತಿಲ ಗೋಡೆಯಿಂದ ಹೊರಟು, ಮುಚ್ಚಿದ ಭಾಗ ಭಾನುವಾರದ ಕೊನೆಗೆ ಮೂವತ್ತು ಹೆಜ್ಜೆ ದಾಟಿತು.

ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಅಮ್ಮ ಮುಂದೆ ಹೋದಳು. ಸಾಸಿವೆಯೂ ಹೋಗಿ ಪಕ್ಕದಲ್ಲಿ ನಿಂತಳು. ಹೋಗು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅರವತ್ತು ಜೊತೆ ಕಣ್ಣು. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಎನ್ನಿಸಿತು. ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತಳು.

“ಟ್ಯಾಂಕಿನ ನೀರು ಹೋಗಿದ್ದು ನಮ್ಮ ಮನೆ ನಲ್ಲಿಯಿಂದ,” ಎಂದಳು ಅಮ್ಮ. “ಗುರುವಾರವೇ ಅದು ನಮಗೆ ಗೊತ್ತಾಗಿತ್ತು. ಹೇಳಲಿಲ್ಲ. ವಾಶರ್ ಹಾಕಿದ್ದರಲ್ಲಿ ಏನೂ ತಪ್ಪಿರಲಿಲ್ಲ.”

ಹೆಡ್‌ಮಾಸ್ತರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಹಾಗೋ... ಆಯ್ತು ಟೀಚರ್, ಆಯ್ತು,” ಎಂದರು. ಗಂಟೆಯ ಕಡೆ ತಿರುಗಿ, “ಬೀಗದಕೈ ನೀವೇ ಇಟ್ಕೊಳ್ಳಿ ಹಾಗಾದ್ರೆ,” ಎಂದರು.

“ಸರಿ ಸರ್,” ಎಂದರು ಗಂಟೆ ಮಾಮ.

ಹೆಡ್‌ಮಾಸ್ತರು ಇನ್ನೇನಾದರೂ ಹೇಳುತ್ತಾರೆ ಎಂದು ಸಾಸಿವೆ ಕಾದಳು. ಬರದೇ ಇರೋ ಕೆಲಸ ಎಂದಿದ್ದರಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಕಾದಳು. ಅವರು ವಾಚ್ ನೋಡಿ, “ಕ್ಲಾಸಿಗೆ ನಡೀರಿ,” ಎಂದರು.

ಗಂಟೆ ಮಾಮ ಗಂಟೆ ಹೊಡೆದರು.

ಸಂಜೆ ಸಾಸಿವೆ ಒಬ್ಬಳೇ ಗುಂಡಿಯ ಹತ್ತಿರ ಬಂದಳು. ಅಪ್ಪ ಯಾರದೋ ಅಂಗಿ ಹೊಲಿಯುತ್ತಿದ್ದ. ಸಲಿಕೆ ಅವಳಿಗಿಂತ ಒಂದು ಗೇಣು ಉದ್ದವಿತ್ತು. ಸ್ವಲ್ಪ ಸ್ವಲ್ಪವೇ ಎಳೆದು ಹಾಕಿದಳು, ತುಳಿದಳು. ಮತ್ತೆ ಎಳೆದಳು, ಮತ್ತೆ ತುಳಿದಳು.

ಗುಂಡಿಯ ಆ ತುದಿಯಲ್ಲಿ, ಟ್ಯಾಂಕಿನ ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ಚಿಪ್ಪು ಕೂತಿದ್ದಳು. ಶನಿವಾರದಿಂದ ಅವಳು ಮಾತಾಡಿರಲಿಲ್ಲ. ಸಾಸಿವೆ ಮುಚ್ಚುತ್ತ ಹೋದಂತೆ ಅವಳ ಹತ್ತಿರ ಹತ್ತಿರ ಬಂದಳು. ಐದು ಹೆಜ್ಜೆ ಇದೆ ಎನ್ನುವಾಗ ಚಿಪ್ಪು ಬಾಯಿ ತೆರೆದಳು.

“ಶುಕ್ರವಾರ ನಿಂಗೆ ನೀರು ಕೊಟ್ಟೆ.”

“ಹೂಂ.”

“ಆವಾಗ್ಲೂ ಹೇಳ್ಲಿಲ್ಲ.”

“ಇಲ್ಲ.”

“ಕುಡಿದೆ.”

“ಹೂಂ. ಕುಡಿದೆ.”

ಚಿಪ್ಪು ಎದ್ದಳು. ಲಂಗದ ಮರಳು ಕೊಡವಿಕೊಂಡಳು. ಜೇಬಿನ ಚಿಪ್ಪುಗಳು ಗಲಗಲ ಎಂದವು. ಹಿಂತಿರುಗಿ ನೋಡದೆ ಮನೆಯೊಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ.

ಸಾಸಿವೆಗೆ ಅವಳ ಹಿಂದೆಯೇ ಓಡಬೇಕು ಅನ್ನಿಸಿತು. ಸಾರಿ, ಸಾರಿ, ಸಾರಿ ಎಂದು ನೂರು ಸಲ ಹೇಳಬೇಕು ಅನ್ನಿಸಿತು. ಎರಡು ಹೆಜ್ಜೆ ಇಟ್ಟೂ ಇಟ್ಟಳು. ಶನಿವಾರ ಮಾಮನ ಮುಂದೆ ಅತ್ತು ಹೇಳಿದಾಗ ತನ್ನ ಮನಸ್ಸಿನ ಭಾರ ಇಳಿದುಹೋಗಿತ್ತು. ಅವತ್ತು ಮಾಮನ ಮುಖ ಹೇಗಿತ್ತು ಎಂದು ನೆನಪಾಯಿತು. ಈಗಲೂ ಓಡಿಹೋಗಿ ಹೇಳಿದರೆ ತನಗೆ ಹಗುರಾಗುತ್ತದೆ. ಚಿಪ್ಪುವಿಗೆ?

ಅವಳು ನಿಂತಳು. ತೆರೆದ ಬಾಗಿಲನ್ನು ನೋಡಿದಳು. ಒಳಗಿನಿಂದ ಚಿಪ್ಪು ಪಾಠ ಓದಿಕೊಳ್ಳುವ ದನಿ ಕೇಳುತ್ತಿತ್ತು. ಕರೆಯಲಿಲ್ಲ.

ಹಿಂದಿರುಗಿ ಬಂದು ಸಲಿಕೆ ಎತ್ತಿಕೊಂಡಳು. ಇನ್ನೂ ಐದು ಹೆಜ್ಜೆ ಉಳಿದಿತ್ತು.